ಪೊರೆ ಅಂದರೆ ಜರಡಿ ಅಲ್ಲ: ಪ್ಲಾಸ್ಮಾದಿಂದ ಔಷಧ ದಾಟಿಸುವ ಬಗೆ

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಎಂ.ಫಾರ್ಮ್ ಎರಡನೇ ವರ್ಷ ಓದುತ್ತಿದ್ದೇನೆ. ಪ್ಲಾಸ್ಮಾದಲ್ಲಿ (ರಕ್ತಕಣ ತೆಗೆದ ಮೇಲೆ ಉಳಿಯುವ ದ್ರವ) ಅಮಿಟ್ರಿಪ್ಟಿಲಿನ್ ಎಂಬ ಖಿನ್ನತೆಯ ಔಷಧ ಎಷ್ಟಿದೆ ಎಂದು ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಅಳೆಯುವುದು ನನ್ನ ಪ್ರಾಜೆಕ್ಟ್. ಕೈಯಲ್ಲಿರುವುದು ಬೆರಳೆಣಿಕೆಯ ಮಾದರಿ, ಸ್ವಲ್ಪವೇ ಪ್ಲಾಸ್ಮಾ, ಅಳೆಯಲು ಯುವಿ (ಅತಿನೇರಳೆ ಬೆಳಕಿನ) ಡಿಟೆಕ್ಟರ್ ಮಾತ್ರ. ಔಷಧ ಬೇರ್ಪಡಿಸಲು ಹೆಕ್ಸೇನ್ ಎಂಬ ದ್ರಾವಕ ಹಾಕಿ ಅಲುಗಾಡಿಸಿದರೆ ನಡುವೆ ಬಿಳಿ ಪದರ ಕಟ್ಟಿಕೊಳ್ಳುತ್ತದೆ, ಗಂಟೆಗಟ್ಟಲೆ ಕಾದರೂ ಬಿಡುವುದಿಲ್ಲ. ಗೈಡ್ ‘ಹಾಲೋ ಫೈಬರ್ ಮೆಂಬ್ರೇನ್ ಮಾಡಿ ನೋಡಿ’ ಅಂದರು, ಅಂದರೆ ಟೊಳ್ಳು ಎಳೆಯ ಪೊರೆ. ಓದಿದೆ, ಆದರೆ ಎರಡು ವಿಷಯ ತಲೆಗೆ ಹೋಗಲಿಲ್ಲ. ಪೊರೆ ಅಂದರೆ ಸೋಸುವ ಜರಡಿ ತಾನೆ? ಅದು ಔಷಧವನ್ನು ಮಾತ್ರ ಹೇಗೆ ಆರಿಸುತ್ತದೆ? ಇನ್ನೊಂದು, ಔಷಧ ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ ಹೇಗೆ ಹೋಗುತ್ತದೆ? ನನ್ನ ಕೆಲಸಕ್ಕೆ ಇದು ಆಗುತ್ತದೆಯೇ?

ಉತ್ತರ:

ನಿಮ್ಮ ಎರಡನೇ ಪ್ರಶ್ನೆ ಓದಿ ಖುಷಿಯಾಯಿತು. ಈ ವಿಧಾನ ಕಲಿಯಲು ಬರುವವರು ಹೆಚ್ಚಾಗಿ ಯಾವುದೋ ಪ್ರಬಂಧದ ಅಳತೆಗಳನ್ನು ಹಾಗೇ ಬರೆದುಕೊಂಡು ಬಂದಿರುತ್ತಾರೆ. ಇಷ್ಟು ಮಿಲಿಲೀಟರ್, ಇಷ್ಟು ನಿಮಿಷ, ಇಷ್ಟು ಪಿಎಚ್. ಕಡಿಮೆಯಿಂದ ಜಾಸ್ತಿಗೆ ಹೇಗೆ ಹೋಗುತ್ತದೆ ಎಂದು ಕೇಳುವವರು ಅಪರೂಪ. ಅದೊಂದು ಗೊತ್ತಾದರೆ ಆ ಅಳತೆಗಳನ್ನೆಲ್ಲ ನೀವೇ ಕೂತು ಲೆಕ್ಕ ಹಾಕಬಹುದು.

ಮೊದಲು ಜರಡಿಯ ಮಾತು ಮುಗಿಸೋಣ. ಜರಡಿಯ ಹಾಗೆ ಕೆಲಸ ಮಾಡುವ ಪೊರೆಗಳು ಇವೆ, ಇಲ್ಲ ಅಂತಲ್ಲ. ನಮ್ಮ ವಿದ್ಯೆ ಶುರುವಾದದ್ದೇ ಅಲ್ಲಿಂದ. 1861ರಲ್ಲಿ ಥಾಮಸ್ ಗ್ರಹಾಂ ಎಂಬ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಒಂದು ಬಳೆಗೆ ಪಾರ್ಚ್‌ಮೆಂಟ್ ಕಾಗದ ಬಿಗಿದು, ಅದರೊಳಗೆ ದ್ರಾವಣ ಸುರಿದು, ನೀರಿನ ಮೇಲೆ ತೇಲಿಬಿಟ್ಟ. ಸಕ್ಕರೆ, ಉಪ್ಪು, ಯೂರಿಯಾದಂಥ ಸಣ್ಣ ಕಣಗಳು ಕೆಳಗಿನ ನೀರಿಗೆ ಇಳಿದವು. ಗೋಂದು, ಮೊಟ್ಟೆಯ ಬಿಳಿ ಮೇಲೆಯೇ ಉಳಿದವು. ಇದಕ್ಕೆ ಡಯಾಲಿಸಿಸ್ ಎಂದು ಹೆಸರಿಟ್ಟವನೂ ಅವನೇ. ಇವತ್ತು ಆ ಪದ ಕೇಳಿದರೆ ನಮಗೆ ಕಿಡ್ನಿ ಆಸ್ಪತ್ರೆ ನೆನಪಾಗುತ್ತದೆ. ಆದರೆ ಗ್ರಹಾಂ ಅದನ್ನು ರಾಸಾಯನಿಕ ವಿಶ್ಲೇಷಣೆಗೆ ಬಳಸುವ ಉಪಾಯವಾಗಿಯೇ ಮುಂದಿಟ್ಟಿದ್ದ. ವಿಷ ಹಾಕಿದ ಅನುಮಾನ ಇದ್ದಾಗ ಹಾಲು, ರಕ್ತದಂಥ ಲೋಳೆ ದ್ರವಗಳಿಂದ ಆರ್ಸೆನಿಕ್ ಅನ್ನು ಹೀಗೆ ಬೇರೆ ಮಾಡಬಹುದು ಎಂದು ತೋರಿಸಿದ್ದ. ಸುಮಾರು ನೂರು ವರ್ಷದ ನಂತರ, 1957ರಲ್ಲಿ, ಲಿಯೊನಾರ್ಡ್ ಸ್ಕೆಗ್ಸ್ ರೂಪಿಸಿದ ಆಟೋಅನಲೈಸರ್ ಯಂತ್ರ ರಕ್ತದ ಪ್ರೋಟೀನನ್ನು ದೂರ ಇಟ್ಟದ್ದೂ ಇಂಥದ್ದೇ ಒಂದು ಡಯಾಲಿಸಿಸ್ ಪೊರೆಯಿಂದ.

ಡಯಾಲಿಸಿಸ್‌ಗೆ ಎರಡು ಮಿತಿ ಇವೆ. ಗಾತ್ರ ಒಂದೇ ಅದರ ಅಳತೆಗೋಲು. ಔಷಧವೂ ದಾಟುತ್ತದೆ, ಯೂರಿಯಾವೂ ದಾಟುತ್ತದೆ, ಉಪ್ಪೂ ದಾಟುತ್ತದೆ. ಎರಡೂ ಕಡೆ ಸಮ ಆದ ಕೂಡಲೇ ಎಲ್ಲ ನಿಂತುಬಿಡುತ್ತದೆ. ಹಾಗಾಗಿ ಮಾದರಿ ಚೊಕ್ಕವಾಗುತ್ತದೆ, ಆದರೆ ಗಟ್ಟಿಯಾಗುವುದಿಲ್ಲ. ನಿಮ್ಮ ಗೈಡ್ ಹೇಳಿದ್ದು ಈ ಪೊರೆ ಅಲ್ಲ. ಅದರಲ್ಲಿ ಆಯ್ಕೆ ನಡೆಯುವುದು ಬೇರೆ ಬಗೆಯಲ್ಲಿ.

ಇಂಗಿನ ಪೊಟ್ಟಣ ನೆನಪಿಸಿಕೊಳ್ಳಿ. ತೆಳು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಬಿಗಿದಿಟ್ಟರೂ ಡಬ್ಬಿಯಲ್ಲಿರುವ ಬೇಳೆಗೆಲ್ಲ ಅದರ ವಾಸನೆ ಹತ್ತುತ್ತದೆ. ಅದೇ ಕವರಿನಲ್ಲಿ ಉಪ್ಪಿನ ನೀರು ಕಟ್ಟಿಟ್ಟರೆ ಉಪ್ಪು ಹೊರಗೆ ಬರುವುದಿಲ್ಲ. ಉಪ್ಪಿನ ಕಣ ಇಂಗಿನ ವಾಸನೆಯ ಅಣುವಿಗಿಂತ ಚಿಕ್ಕದು, ಆದರೂ ಬರುವುದಿಲ್ಲ. ಕವರಿನಲ್ಲಿ ತೂತೇ ಇಲ್ಲ ಅಲ್ವಾ, ಗಾತ್ರದ ಪ್ರಶ್ನೆ ಎಲ್ಲಿಂದ ಬಂತು? ಇಂಗಿನ ಎಣ್ಣೆಯಂಥ ಅಣು ಪ್ಲಾಸ್ಟಿಕ್‌ನೊಳಗೆ ಕರಗಿ, ಆ ಕಡೆ ಹೊರಬರುತ್ತದೆ. ವಿದ್ಯುದಂಶ ಹೊತ್ತ ಉಪ್ಪಿನ ಅಯಾನು ಎಣ್ಣೆಯಂಥ ಆ ಜಾಗದಲ್ಲಿ ಕರಗುವುದಿಲ್ಲ, ಹೊರಗೇ ನಿಲ್ಲುತ್ತದೆ. ಪೊರೆಯಲ್ಲಿ ಕರಗುವುದು ಮಾತ್ರ ದಾಟುತ್ತದೆ. ನಿಮ್ಮ ಮೊದಲ ಪ್ರಶ್ನೆಗೆ ಇದೇ ಉತ್ತರ.

ಎರಡನೆಯದಕ್ಕೆ ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗ ಹೇಳುತ್ತೇನೆ. ನಾನು ತರಗತಿಯಲ್ಲಿ ಪ್ರತಿ ಸಲ ಇದರಿಂದಲೇ ಶುರು ಮಾಡುತ್ತೇನೆ. ಅನ್ನ ಬಸಿದ ಗಂಜಿಗೆ ನೀರು ಬೆರೆಸಿ ತೆಳ್ಳಗೆ ಮಾಡಿ, ತಣಿದ ಮೇಲೆ ಒಂದು ತೆಳು ಪಾಲಿಥೀನ್ ಚೀಲಕ್ಕೆ ಸುರಿದು ಬಾಯಿ ಕಟ್ಟಿ. ಹೊರಗಡೆ ಚೆನ್ನಾಗಿ ತೊಳೆಯಿರಿ. ಒಂದು ಲೋಟ ನೀರಿಗೆ ಟೀ ಬಣ್ಣ ಬರುವಷ್ಟು ಅಯೊಡಿನ್ ದ್ರಾವಣ ಹಾಕಿ, ಚೀಲವನ್ನು ಅದರಲ್ಲಿ ಮುಳುಗಿಸಿ ಇಡಿ. ಸ್ವಲ್ಪ ಹೊತ್ತಿಗೆ ಚೀಲದೊಳಗಿನ ಗಂಜಿ ಅಂಚಿನಿಂದ ನೀಲಿಯಾಗುತ್ತಾ ಬರುತ್ತದೆ. ಲೋಟದ ನೀರು ನೀಲಿಯಾಗುವುದಿಲ್ಲ, ಬದಲು ಅದರ ಕಂದು ಬಣ್ಣ ತಿಳಿಯಾಗುತ್ತಾ ಹೋಗುತ್ತದೆ. ಅಯೊಡಿನ್ ಪಾಲಿಥೀನಿನಲ್ಲಿ ಕರಗಿ ಒಳಗೆ ಬಂತು. ಪಿಷ್ಟ ಹೊರಗೆ ಹೋಗಲಿಲ್ಲ.

ಈಗ ಇದನ್ನು ಗಮನಿಸಿ. ಒಳಗೆ ಬಂದ ಅಯೊಡಿನ್ ಅನ್ನು ಪಿಷ್ಟ ಹಿಡಿದುಕೊಳ್ಳುತ್ತದೆ. ಹಿಡಿತಕ್ಕೆ ಸಿಕ್ಕಿದ್ದು ಇನ್ನು ‘ಬಿಡಿ ಅಯೊಡಿನ್’ ಅಲ್ಲ, ಅದು ಚೀಲ ದಾಟಿ ವಾಪಸ್ ಹೋಗಲಾರದು. ಚೀಲದೊಳಗೆ ಬಿಡಿ ಅಯೊಡಿನ್ ಯಾವಾಗಲೂ ತೀರಾ ಕಡಿಮೆ. ಹೊರಗೆ ಬಿಡಿಯಾಗಿರುವುದು ಜಾಸ್ತಿ. ಹಾಗಾಗಿ ಹೊರಗಿನದು ಒಳಗೆ ಬರುತ್ತಲೇ ಇರುತ್ತದೆ. ಒಟ್ಟು ಲೆಕ್ಕ ಹಾಕಿದರೆ ಒಳಗೇ ಜಾಸ್ತಿ ಆಗಿರಬಹುದು. ಆದರೆ ದಾಟಬಲ್ಲ ರೂಪದಲ್ಲಿ ಇರುವುದನ್ನು ಮಾತ್ರ ಎಣಿಸಿದರೆ ಹರಿವು ಜಾಸ್ತಿಯಿಂದ ಕಡಿಮೆ ಕಡೆಗೇ ಇದೆ. ಪ್ರಕೃತಿಯ ನಿಯಮ ಎಲ್ಲೂ ಮುರಿದಿಲ್ಲ.

ಹಾಲೋ ಫೈಬರ್ ವಿಧಾನದಲ್ಲಿ ಪೊರೆ ಅಂದರೆ ಟೊಳ್ಳು ಎಳೆಯ ಗೋಡೆಯ ರಂಧ್ರಗಳಲ್ಲಿ ತುಂಬಿದ ಎಣ್ಣೆಯಂಥ ದ್ರಾವಕ. ಎಳೆಯ ಹೊರಗೆ ಮಾದರಿ, ಒಳಗೆ ಆಮ್ಲ. ಇಲ್ಲಿ ಪಿಷ್ಟದ ಕೆಲಸವನ್ನು ಆ ಆಮ್ಲ ಮಾಡುತ್ತದೆ. ಅಷ್ಟೇ ವ್ಯತ್ಯಾಸ.

ಅಮಿಟ್ರಿಪ್ಟಿಲಿನ್ ಒಂದು ಕ್ಷಾರ. ಅದರ ಪಿಕೆಎ ಸುಮಾರು 9.4. ಅಂದರೆ ಆ ಪಿಎಚ್‌ನಲ್ಲಿ ಅರ್ಧದಷ್ಟು ಅಣು ವಿದ್ಯುದಂಶ ಹೊತ್ತಿರುತ್ತವೆ, ಅರ್ಧ ತಟಸ್ಥವಾಗಿರುತ್ತವೆ. ಪಿಎಚ್ ಒಂದು ಅಂಕ ಏರಿದರೆ ಈ ಪ್ರಮಾಣ ಹತ್ತು ಪಟ್ಟು ತಟಸ್ಥದ ಕಡೆ ವಾಲುತ್ತದೆ, ಇಳಿದರೆ ಹತ್ತು ಪಟ್ಟು ವಿದ್ಯುದಂಶದ ಕಡೆ. ಮಾದರಿಗೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ 13ಕ್ಕೆ ತಂದಿರಿ ಅನ್ನಿ. ಆಗ ವಿದ್ಯುದಂಶ ಇರುವ ಪ್ರತಿ ಒಂದು ಅಣುವಿಗೆ ಸುಮಾರು 4,000 ತಟಸ್ಥ ಅಣು. ಎಲ್ಲವೂ ಪೊರೆಯ ಎಣ್ಣೆಯಲ್ಲಿ ಕರಗಲು ತಯಾರು. ಪೊರೆಯ ಆಚೆ ಪಿಎಚ್ 2ರ ಹೈಡ್ರೋಕ್ಲೋರಿಕ್ ಆಮ್ಲ ಇದೆ. ಅಲ್ಲಿಗೆ ಬಿದ್ದ ಅಣು ಆ ಕ್ಷಣವೇ ಪ್ರೋಟಾನ್ ಹಿಡಿದುಕೊಂಡು ವಿದ್ಯುದಂಶ ಪಡೆಯುತ್ತದೆ. ತಟಸ್ಥವಾಗಿ ಉಳಿಯುವುದು ಎರಡೂವರೆ ಕೋಟಿ ಅಣುಗಳಲ್ಲಿ ಒಂದು. ವಾಪಸ್ ಹೋಗುವ ಹಕ್ಕು ಇರುವುದು ಆ ಒಂದಕ್ಕೆ ಮಾತ್ರ. ಉಳಿದವು ಗಂಜಿಯಲ್ಲಿ ಸಿಕ್ಕ ಅಯೊಡಿನ್ ಹಾಗೆ, ಒಳಗೇ ಇರುತ್ತವೆ.

ಆಯ್ಕೆಯೂ ಇಲ್ಲೇ ಆಗಿಹೋಯಿತು, ನೋಡಿ. ಪ್ಲಾಸ್ಮಾದಲ್ಲಿರುವ ಕೊಬ್ಬಿನಾಮ್ಲಗಳು ಪಿಎಚ್ 13ರಲ್ಲಿ ವಿದ್ಯುದಂಶ ಹೊತ್ತಿರುತ್ತವೆ. ಅವು ಪೊರೆಗೆ ಬರುವುದೇ ಇಲ್ಲ. ಪ್ರೋಟೀನ್ ಬರುವುದಿಲ್ಲ, ಉಪ್ಪು ಬರುವುದಿಲ್ಲ. ಕೊಲೆಸ್ಟ್ರಾಲ್‌ನಂಥ ತಟಸ್ಥ ಅಣುಗಳು ಪೊರೆಯೊಳಗೆ ಕರಗಬಹುದು, ಆದರೆ ಆಚೆಗಿನ ನೀರಿನಲ್ಲಿ ಅವುಗಳನ್ನು ಹಿಡಿದಿಡುವಂಥದ್ದು ಏನೂ ಇಲ್ಲ, ಹಾಗಾಗಿ ಎಣ್ಣೆಯಲ್ಲೇ ಉಳಿಯುತ್ತವೆ. ಆಚೆ ತಲುಪುವುದು ಕ್ಷಾರ ಗುಣದ, ಸ್ವಲ್ಪ ಜಿಡ್ಡು ಸ್ವಭಾವದ, ಸಣ್ಣ ಅಣುಗಳು ಮಾತ್ರ. ಹೀಗೆ ಬಂದ ದ್ರಾವಣದ ಕ್ರೊಮ್ಯಾಟೊಗ್ರಾಂ (ಎಚ್‌ಪಿಎಲ್‌ಸಿ ಬರೆದುಕೊಡುವ ನಕ್ಷೆ) ನೋಡಿದರೆ ಇದು ಪ್ಲಾಸ್ಮಾದಿಂದ ಬಂದದ್ದೇ ಎಂದು ಅನುಮಾನ ಬರುವಷ್ಟು ಶುಭ್ರವಾಗಿರುತ್ತದೆ.

ಚಪ್ಪಟೆ ಪೊರೆಯ ಎರಡು ಕಡೆ ದ್ರಾವಣ ಹರಿಸಿ ಅಮೀನ್‌ಗಳನ್ನು ಹೀಗೆ ಹಿಡಿಯುವುದನ್ನು ಗುದ್ಯೋನ್ ಔದುನ್ಸನ್ 1986ರಲ್ಲಿ ಪ್ರಕಟಿಸಿದರು. ಆಮೇಲೆ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಇದರ ಮೇಲೆ ತುಂಬಾ ಕೆಲಸ ನಡೆಯಿತು. ಆದರೆ ಅದಕ್ಕೆ ಪಂಪು, ಹರಿವಿನ ಜೋಡಣೆ ಎಲ್ಲ ಬೇಕು. ಒಂದೇ ಪೊರೆಯನ್ನು ಮಾದರಿಯಿಂದ ಮಾದರಿಗೆ ಬಳಸುವುದರಿಂದ ಹಿಂದಿನದರ ಅಂಶ ಮುಂದಿನದಕ್ಕೆ ಉಳಿದುಕೊಳ್ಳುವ ಭಯವೂ ಇತ್ತು. 1999ರಲ್ಲಿ ಓಸ್ಲೋದಲ್ಲಿ ಸ್ಟಿಗ್ ಪೆಡರ್ಸನ್-ಬ್ಯೆರ್ಗೋರ್ ಮತ್ತು ಕ್ನೂಟ್ ಐನಾರ್ ರಾಸ್ಮುಸ್ಸೆನ್ ಇದನ್ನು ಒಂದು ಸಣ್ಣ ಬಾಟಲಿಗೆ ಇಳಿಸಿದರು. ನನ್ನ ಪ್ರಕಾರ ಆ ಪ್ರಬಂಧದ ದೊಡ್ಡತನ ಇರುವುದು ಅದರ ಸರಳತೆಯಲ್ಲಿ. 4 ಮಿಲಿಲೀಟರಿನ ಮಾಮೂಲಿ ವಯಲ್, ಎರಡು ಸೂಜಿ, 8 ಸೆಂಟಿಮೀಟರ್ ಉದ್ದದ ಪಾಲಿಪ್ರೊಪಿಲೀನ್ ಟೊಳ್ಳು ಎಳೆ, ಇಷ್ಟೇ ಸಾಮಾನು. ಎಳೆಯ ಗೋಡೆಯ ರಂಧ್ರಗಳಲ್ಲಿ ಆಕ್ಟನಾಲ್ ಎಂಬ ಎಣ್ಣೆಯಂಥ ದ್ರಾವಕ. ಹೊರಗೆ ಕ್ಷಾರ ಹಾಕಿದ 2.5 ಮಿಲಿಲೀಟರ್ ಮಾದರಿ. ಒಳಗೆ 25 ಮೈಕ್ರೊಲೀಟರ್ ಆಮ್ಲ. 45 ನಿಮಿಷದಲ್ಲಿ ಮೆಥ್‌ಆಂಫೆಟಮಿನ್ ಎಂಬ ಉತ್ತೇಜಕ ಔಷಧ 75 ಪಟ್ಟು ಗಟ್ಟಿಯಾಯಿತು. 2,500 ಮೈಕ್ರೊಲೀಟರಿನಲ್ಲಿದ್ದದ್ದೆಲ್ಲ 25ಕ್ಕೆ ಬಂದಿದ್ದರೆ 100 ಪಟ್ಟು ಆಗಬೇಕಿತ್ತು. 75 ಅಂದರೆ ಮುಕ್ಕಾಲು ಪಾಲು ದಾಟಿತು ಎಂದರ್ಥ. ಎಳೆ ಒಂದು ಸಲ ಬಳಸಿ ಎಸೆಯುವಂಥದ್ದು, ಹಾಗಾಗಿ ಹಿಂದಿನ ಮಾದರಿಯ ಚಿಂತೆ ಇಲ್ಲ. ಒಟ್ಟಿಗೆ 20 ಮಾದರಿವರೆಗೂ ಇಡಬಹುದಿತ್ತು.

ಈ ಎಳೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಒಣಗಿದ ಶಾವಿಗೆ ಎಳೆಯ ಹಾಗೆಯೇ ಇರುತ್ತದೆ, ಬಿಳಿ, ಹಗುರ. ಹೆಚ್ಚಾಗಿ ಬಳಸುವ ಬಗೆಯಲ್ಲಿ ಒಳಗಿನ ವ್ಯಾಸ 600 ಮೈಕ್ರೊಮೀಟರ್, ಗೋಡೆಯ ದಪ್ಪ 200, ರಂಧ್ರ 0.2 ಮೈಕ್ರೊಮೀಟರ್. ಲೆಕ್ಕ ಹಾಕಿದರೆ ಒಂದು ಸೆಂಟಿಮೀಟರ್ ಎಳೆಯೊಳಗೆ ಸುಮಾರು 2.8 ಮೈಕ್ರೊಲೀಟರ್ ಹಿಡಿಯುತ್ತದೆ. ಅದನ್ನು ಆಕ್ಟನಾಲ್‌ನಲ್ಲಿ ಅದ್ದಿದ ಕೂಡಲೇ ಬೆಂದ ಶಾವಿಗೆಯಂತೆ ಪಾರದರ್ಶಕವಾಗುತ್ತದೆ. ಐದು ಸೆಕೆಂಡ್ ಸಾಕು. ರಂಧ್ರಗಳ ಗಾಳಿ ಹೋಗಿ ಎಣ್ಣೆ ತುಂಬಿತು ಎಂಬುದಕ್ಕೆ ಅದೇ ಗುರುತು. ಎಲ್ಲಾದರೂ ಬಿಳಿ ಮಚ್ಚೆ ಉಳಿದಿದ್ದರೆ ಆ ಜಾಗ ಇನ್ನೂ ಒದ್ದೆಯಾಗಿಲ್ಲ. ಗೋಡೆ ಹೀರಿಕೊಳ್ಳುವ ದ್ರಾವಕ ಕೆಲವೇ ಹನಿಯಷ್ಟೂ ಅಲ್ಲ, ಮೂವತ್ತು ಮೈಕ್ರೊಲೀಟರ್ ಆಸುಪಾಸು. ನೀವು ಪ್ರತಿ ಟ್ಯೂಬಿಗೆ ಹಾಕುವ ಹೆಕ್ಸೇನ್ ನೆನಪಿಸಿಕೊಳ್ಳಿ.

ನಿಮ್ಮ ಬಿಳಿ ಪದರದ ಕಾಟ ಇಲ್ಲಿ ಯಾಕಿಲ್ಲ ಎಂಬುದೂ ಈಗ ಗೊತ್ತಾಗಿರಬೇಕು. ಅಲುಗಾಡಿಸಿದಾಗ ಹೆಕ್ಸೇನ್ ಸಣ್ಣ ಸಣ್ಣ ಹನಿಯಾಗಿ ಒಡೆಯುತ್ತದೆ. ಪ್ಲಾಸ್ಮಾದ ಪ್ರೋಟೀನ್ ಪ್ರತಿ ಹನಿಯ ಸುತ್ತ ಸಿಪ್ಪೆಯಂತೆ ಕೂತು ಅವು ಮತ್ತೆ ಸೇರದ ಹಾಗೆ ಮಾಡುತ್ತದೆ. ಎಮಲ್ಶನ್ ಅಂದರೆ ಅದೇ. ಎಳೆಯ ರಂಧ್ರದಲ್ಲಿ ಕೂತ ಎಣ್ಣೆ ಹನಿಯಾಗಿ ಒಡೆಯುವುದಿಲ್ಲ. ವಯಲ್ ಅನ್ನು ಎಷ್ಟು ಜೋರಾಗಿ ಅಲುಗಿಸಿದರೂ ಎರಡು ದ್ರವಗಳು ಪರಸ್ಪರ ಬೆರೆಯುವ ಅವಕಾಶವೇ ಇಲ್ಲ.

ಇನ್ನು ನಿಮ್ಮ ಅಮಿಟ್ರಿಪ್ಟಿಲಿನ್. ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು, ಯಾಕೆಂದರೆ ಇದು ಮೆಥ್‌ಆಂಫೆಟಮಿನ್‌ಗಿಂತ ತುಂಬಾ ಜಿಡ್ಡಿನ ಅಣು. ಅದರ ಲಾಗ್ ಪಿ, ಅಂದರೆ ಜಿಡ್ಡುತನದ ಅಳತೆ, ಹತ್ತಿರಹತ್ತಿರ 5. ಜಿಡ್ಡು ಜಾಸ್ತಿ ಇದ್ದಷ್ಟೂ ಪೊರೆಗೆ ಬೇಗ ಹೋಗುತ್ತದೆ, ಆದರೆ ಪೊರೆಯಿಂದ ಆಚೆ ಇಳಿಯಲು ಹಿಂದೇಟು ಹಾಕುತ್ತದೆ. ಆಕ್ಟನಾಲ್ ಬಳಸಿದರೆ ಇನ್ನೊಂದು ತೊಡಕು. ವಿದ್ಯುದಂಶ ಪಡೆದ ಮೇಲೂ ಕ್ಲೋರೈಡ್ ಜೊತೆ ಜೋಡಿಯಾಗಿ ಸ್ವಲ್ಪ ಅಂಶ ಆಕ್ಟನಾಲಿಗೆ ವಾಪಸ್ ಸೇರಬಲ್ಲದು. ಇಂಥ ಅಣುಗಳಿಗೆ ಡೈಹೆಕ್ಸೈಲ್ ಈಥರ್ ಅಥವಾ ಅಂಡೆಕೇನ್‌ನಂಥ ದ್ರಾವಕ ನೋಡಿ. ಮೂರನ್ನೂ ಒಂದೇ ದಿನ ಹೋಲಿಸಿ, ನಿಮ್ಮ ಸಂಖ್ಯೆಯೇ ಹೇಳುತ್ತದೆ. ಯಾವ ದ್ರಾವಕವೇ ಆಗಲಿ, ನೀರಿನಲ್ಲಿ ಕರಗಬಾರದು, ಬೇಗ ಆವಿಯಾಗಬಾರದು. ನೀವು ಈಗ ಬಳಸುತ್ತಿರುವ ಹೆಕ್ಸೇನ್ ಆ ಕಾರಣಕ್ಕೇ ಇಲ್ಲಿ ಬೇಡ. ಎಳೆಯಿಂದ ಹಾರಿಹೋಗುತ್ತದೆ.

ಎರಡನೆಯದು ಪ್ರೋಟೀನ್. ಪ್ಲಾಸ್ಮಾದಲ್ಲಿರುವ ಅಮಿಟ್ರಿಪ್ಟಿಲಿನ್‌ನಲ್ಲಿ ನೂರಕ್ಕೆ ಸುಮಾರು 95 ಭಾಗ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಪೊರೆ ದಾಟುವುದು ಬಿಡಿಯಾಗಿರುವುದು ಮಾತ್ರ. ಬಿಡಿ ಇರುವುದು ಖಾಲಿಯಾದಂತೆ ಅಂಟಿಕೊಂಡದ್ದು ಬಿಡಿಸಿಕೊಂಡು ಬರುತ್ತದೆ, ನಿಜ. ಆದರೆ ಹೊತ್ತು ಹಿಡಿಯುತ್ತದೆ. ಪ್ಲಾಸ್ಮಾವನ್ನು ತೆಳು ಮಾಡುವುದು, ಸ್ವಲ್ಪ ಮೆಥನಾಲ್ ಸೇರಿಸುವುದು, ಇವೆರಡೂ ಆ ಹಿಡಿತವನ್ನು ಸಡಿಲಿಸುತ್ತವೆ. ಇದರಿಂದ ಒಂದು ಮಾತು ಖಂಡಿತ: ಕ್ಯಾಲಿಬ್ರೇಶನ್ ರೇಖೆಯನ್ನು (ಗೊತ್ತಿರುವ ಪ್ರಮಾಣಗಳಿಂದ ಎಳೆಯುವ ಅಳತೆಯ ರೇಖೆ) ಸುಮ್ನೆ ನೀರಿನಲ್ಲಿ ಎಳೆಯಬೇಡಿ. ಔಷಧ ಇಲ್ಲದ ಪ್ಲಾಸ್ಮಾಗೆ ಗೊತ್ತಿರುವಷ್ಟು ಅಮಿಟ್ರಿಪ್ಟಿಲಿನ್ ಸೇರಿಸಿ, ಅದನ್ನೂ ಎಳೆಯಲ್ಲಿ ದಾಟಿಸಿ, ಆ ರೇಖೆಯನ್ನೇ ಬಳಸಿ. ನೀರಿನ ರೇಖೆ ಹಾಕಿ, ಪ್ಲಾಸ್ಮಾದ ಫಲಿತಾಂಶ ಕಡಿಮೆ ಬಂತು ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಈ ಅಂಟಿಕೊಳ್ಳುವ ಗುಣವನ್ನೇ ಉಪಯೋಗಕ್ಕೆ ತಂದುಕೊಳ್ಳುವವರೂ ಇದ್ದಾರೆ. ದೇಹದಲ್ಲಿ ಕೆಲಸ ಮಾಡುವುದು ಬಿಡಿ ಔಷಧ ತಾನೆ? ಮಾದರಿಯ ಪಿಎಚ್ ಬದಲಿಸದೆ, ತೀರಾ ಸ್ವಲ್ಪ ಮಾತ್ರ ದಾಟುವಂತೆ ನೋಡಿಕೊಂಡರೆ, ಬಿಡಿ ಎಷ್ಟು, ಅಂಟಿದ್ದು ಎಷ್ಟು ಎಂದು ಅಳೆಯಬಹುದು. ಮಾಮೂಲಾಗಿ ಇದಕ್ಕೆ ಗ್ರಹಾಂ ಕಾಲದ ಡಯಾಲಿಸಿಸ್ಸೇ ಬಳಕೆಯಲ್ಲಿದೆ. ಪ್ರಾಜೆಕ್ಟ್ ಮುಂದುವರಿಸುವ ಮನಸ್ಸಿದ್ದರೆ ಇದು ಒಳ್ಳೆಯ ದಾರಿ.

ಸಾಕಾಗುತ್ತದೆಯೇ ಎಂಬ ಲೆಕ್ಕ ಮಾಡೋಣ. ಚಿಕಿತ್ಸೆಯಲ್ಲಿರುವವರ ಪ್ಲಾಸ್ಮಾದಲ್ಲಿ ಅಮಿಟ್ರಿಪ್ಟಿಲಿನ್ ಮತ್ತು ದೇಹದಲ್ಲಿ ಅದರಿಂದ ಹುಟ್ಟುವ ನಾರ್ಟ್ರಿಪ್ಟಿಲಿನ್ ಎರಡೂ ಸೇರಿ ಮಿಲಿಲೀಟರಿಗೆ 80ರಿಂದ 200 ನ್ಯಾನೊಗ್ರಾಂ ಇರಬೇಕು ಎನ್ನುತ್ತಾರೆ. ನಿಮ್ಮ ಕೈಯಲ್ಲಿ ಅರ್ಧ ಮಿಲಿಲೀಟರ್ ಪ್ಲಾಸ್ಮಾ ಇದೆ, ಅದರಲ್ಲಿ ಮಿಲಿಲೀಟರಿಗೆ 100 ನ್ಯಾನೊಗ್ರಾಂ ಔಷಧ ಇದೆ ಅಂದುಕೊಳ್ಳಿ. ಒಟ್ಟು 50 ನ್ಯಾನೊಗ್ರಾಂ. ನೂರಕ್ಕೆ 60 ಭಾಗ ದಾಟಿದರೂ 30 ನ್ಯಾನೊಗ್ರಾಂ ಬಂದು 20 ಮೈಕ್ರೊಲೀಟರಿನಲ್ಲಿ ಕೂರುತ್ತದೆ. ಅಂದರೆ ಮಿಲಿಲೀಟರಿಗೆ 1,500 ನ್ಯಾನೊಗ್ರಾಂ, ಮೂಲದ 15 ಪಟ್ಟು. ಪ್ರಬಂಧದ 75ರ ಹತ್ತಿರವೂ ಇಲ್ಲವಲ್ಲ ಎಂದು ಬೇಸರ ಬೇಡ. ಅವರ ಬಳಿ ಮಾದರಿ ಜಾಸ್ತಿ ಇತ್ತು, ನಿಮ್ಮ ಬಳಿ ಕಡಿಮೆ. ಯುವಿ ಡಿಟೆಕ್ಟರ್ ಮಾತ್ರ ಇರುವ ಲ್ಯಾಬಿಗೆ ಶುಭ್ರವಾದ 15 ಪಟ್ಟು ಅಂದರೆ ದೊಡ್ಡ ಸಹಾಯ. ನಾರ್ಟ್ರಿಪ್ಟಿಲಿನ್ ಕೂಡ ಕ್ಷಾರವೇ, ಅದೂ ಅದೇ ಎಳೆಯಲ್ಲಿ ಜೊತೆಗೇ ಬರುತ್ತದೆ. ಕಾಲಂನಲ್ಲಿ ಅವೆರಡೂ ಬೇರೆಯಾಗುವ ಹಾಗೆ ನೋಡಿಕೊಳ್ಳಿ. ಇಂಟರ್ನಲ್ ಸ್ಟ್ಯಾಂಡರ್ಡ್ (ಹೋಲಿಕೆಗೆಂದು ಗೊತ್ತಿರುವಷ್ಟು ಸೇರಿಸುವ ವಸ್ತು) ಆಗಿ ಅದೇ ಕುಟುಂಬದ, ಆ ರೋಗಿ ತೆಗೆದುಕೊಳ್ಳದ ಒಂದು ಔಷಧವನ್ನು ಕ್ಷಾರ ಹಾಕುವುದಕ್ಕೂ ಮೊದಲೇ ಸೇರಿಸಿ. ಆಮೇಲೆ ಆಗುವ ನಷ್ಟವೆಲ್ಲ ಎರಡಕ್ಕೂ ಸಮನಾಗಿ ಆಗುತ್ತದೆ.

ಕೈಕೆಲಸದಲ್ಲಿ ಸೋಲುವ ಜಾಗ ಒಂದಿದೆ, ಅದನ್ನು ನನ್ನ ಅನುಭವದಿಂದ ಹೇಳುತ್ತೇನೆ. ಶುರುವಿನ ದಿನಗಳಲ್ಲಿ ಒಂದೇ ಮಾದರಿಯನ್ನು ಆರು ವಯಲ್‌ಗಳಲ್ಲಿ ಇಟ್ಟಿದ್ದೆ. ನಾಲ್ಕರಲ್ಲಿ ಒಂದೇ ತರಹದ ಉತ್ತರ ಬಂತು, ಎರಡರಲ್ಲಿ ಅರ್ಧಕ್ಕರ್ಧ. ಪಿಎಚ್ ಸರಿ ಇತ್ತು, ದ್ರಾವಕ ಸರಿ ಇತ್ತು. ಎರಡು ವಾರ ಹುಡುಕಿದ ಮೇಲೆ ಎಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಳಗೆ ಉದ್ದನೆಯ ಗಾಳಿಗುಳ್ಳೆ ಕೂತಿತ್ತು. ಗಾಳಿ ಕೂತ ಕಡೆ ಆಮ್ಲ ಗೋಡೆಗೆ ತಾಕುವುದಿಲ್ಲ, ಅಷ್ಟು ಉದ್ದದ ಪೊರೆ ಸುಮ್ಮನೆ ವ್ಯರ್ಥ. ಅವತ್ತಿನಿಂದ ಪ್ರತಿ ಎಳೆಯನ್ನೂ ಬೆಳಕಿಗೆ ಹಿಡಿಯದೆ ವಯಲ್‌ಗೆ ಇಳಿಸಿಲ್ಲ. ಆಮ್ಲವನ್ನು ಮೊಂಡು ತುದಿಯ ಮೈಕ್ರೊಸಿರಿಂಜಿನಲ್ಲಿ ಮುಚ್ಚಿದ ತುದಿಯವರೆಗೂ ಇಳಿಸಿ, ಹಿಂದಕ್ಕೆ ಎಳೆಯುತ್ತಾ ನಿಧಾನವಾಗಿ ತುಂಬಿ. ಗಾಳಿ ತಾನಾಗಿ ಮೇಲಿಂದ ಹೊರಹೋಗುತ್ತದೆ.

ಉಳಿದವು ಸಣ್ಣ ಸಂಗತಿಗಳು. ಎಳೆಯನ್ನು ಹೊಸ ಬ್ಲೇಡಿನಿಂದ ಕತ್ತರಿಸಿ, ಕತ್ತರಿ ಹಾಕಿದರೆ ಬಾಯಿ ಚಪ್ಪಟೆಯಾಗುತ್ತದೆ. ಅಸಿಟೋನಿನಲ್ಲಿ ತೊಳೆದು ಒಣಗಿಸಿ. ಒಂದು ತುದಿಯನ್ನು ಬಿಸಿ ಮಾಡಿದ ಚಿಮುಟದಿಂದ ಒತ್ತಿ ಮುಚ್ಚಿ. ದ್ರಾವಕದಲ್ಲಿ ಅದ್ದಿ ತೆಗೆದ ಮೇಲೆ ಹೊರಗಿನ ಜಿಡ್ಡನ್ನು ನೀರಿನಲ್ಲಿ ಒಮ್ಮೆ ಅಲ್ಲಾಡಿಸಿ ತೆಗೆಯಿರಿ, ಒಳಗೂ ಸಿರಿಂಜಿನಿಂದ ತೊಳೆಯಿರಿ. 20 ಮೈಕ್ರೊಲೀಟರ್ ಹಾಕಿದ್ದಕ್ಕೆ ಕೊನೆಯಲ್ಲಿ ಎಷ್ಟು ವಾಪಸ್ ಸಿಕ್ಕಿತು ಎಂದು ಪ್ರತಿ ಸಲ ಬರೆದಿಡಿ. 20ಕ್ಕಿಂತ ಜಾಸ್ತಿ ಬಂದರೆ ಅಥವಾ ತುಂಬಾ ಕಡಿಮೆ ಬಂದರೆ ಎಳೆ ಸೋರಿದೆ, ಆ ಫಲಿತಾಂಶ ಬಿಡಿ. ಔಷಧ ಇಲ್ಲದ ಪ್ಲಾಸ್ಮಾದ ಒಂದು ಖಾಲಿ ಓಟ ಪ್ರತಿ ದಿನ ಇರಲಿ. ಮನುಷ್ಯರ ಪ್ಲಾಸ್ಮಾ ಮುಟ್ಟುವ ಮೊದಲು ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ನೋಡಿಕೊಳ್ಳಿ, ಕೈಗವಸು ತೆಗೆಯಬೇಡಿ.

45 ನಿಮಿಷ ಜಾಸ್ತಿ ಅನ್ನಿಸಬಹುದು. ಓಸ್ಲೋದ ಅದೇ ಇಬ್ಬರು 2006ರಲ್ಲಿ ಇದಕ್ಕೆ ವಿದ್ಯುತ್ ಸೇರಿಸಿದರು. ಎಳೆಯ ಒಳಗೊಂದು, ಹೊರಗೊಂದು ಪ್ಲಾಟಿನಂ ತಂತಿ, ನಡುವೆ 300 ವೋಲ್ಟ್. ಇಲ್ಲಿ ಎರಡೂ ಕಡೆ ಆಮ್ಲವೇ ಇರುತ್ತದೆ. ಔಷಧ ವಿದ್ಯುದಂಶ ಹೊತ್ತುಕೊಂಡೇ ಪೊರೆ ದಾಟುತ್ತದೆ, ಹಾಗಾಗಿ ಅದಕ್ಕೆ ದಾರಿ ಬಿಡುವ ನೈಟ್ರೊಫಿನೈಲ್ ಆಕ್ಟೈಲ್ ಈಥರ್ ಎಂಬ ದ್ರಾವಕ ಬೇಕಾಯಿತು. ನಾರ್ಟ್ರಿಪ್ಟಿಲಿನ್, ಮೆಥಡೋನ್, ಹ್ಯಾಲೊಪೆರಿಡಾಲ್ ಸೇರಿ ಐದು ಔಷಧಗಳು 5 ನಿಮಿಷದಲ್ಲಿ ನೂರಕ್ಕೆ 70ರಿಂದ 79 ಭಾಗ ದಾಟಿದವು. ನಿಮ್ಮ ನಾರ್ಟ್ರಿಪ್ಟಿಲಿನ್ ಆ ಪಟ್ಟಿಯಲ್ಲೇ ಇದೆ. ಆದರೂ ಮೊದಲ ಪ್ರಾಜೆಕ್ಟ್‌ಗೆ ನಾನು ಇದನ್ನು ಹೇಳುವುದಿಲ್ಲ. ಪ್ಲಾಸ್ಮಾದ ಉಪ್ಪಿನಿಂದ ಕರೆಂಟ್ ಏರಿದರೆ ತಂತಿಯ ಬಳಿ ನೀರು ಒಡೆದು ಗುಳ್ಳೆ ಬರುತ್ತದೆ, ಪಿಎಚ್ ಜಾರುತ್ತದೆ. ಅದನ್ನು ಹತೋಟಿಗೆ ತರಲು ಬೇರೆಯದೇ ಅಭ್ಯಾಸ ಬೇಕು. 300 ವೋಲ್ಟ್ ಜೊತೆ ಒಬ್ಬರೇ ಕೆಲಸ ಮಾಡುವುದೂ ಸರಿಯಲ್ಲ.

ಹಾಗಾದರೆ ನಿಮಗೆ ಇದು ಆಗುತ್ತದೆಯೇ? ಆಗುತ್ತದೆ, ಒಂದು ಷರತ್ತಿನ ಮೇಲೆ. ನಿಮ್ಮ ಹತ್ತಿರ ಎಲ್‌ಸಿ-ಎಂಎಸ್‌ಎಂಎಸ್ (ಅಣುವಿನ ತೂಕದಿಂದ ಗುರುತಿಸುವ ಸೂಕ್ಷ್ಮ ಯಂತ್ರ) ಇದ್ದು, ದಿನಕ್ಕೆ ನೂರಾರು ಮಾದರಿ ಬರುವ ಹಾಗಿದ್ದರೆ ಎಳೆಯ ಗೋಜು ಬೇಡ ಅನ್ನುತ್ತಿದ್ದೆ. ಅಲ್ಲಿ ಪ್ರೋಟೀನ್ ಕೆಡವಿ ನೇರ ಹಾಕುವುದೋ ಎಸ್‌ಪಿಇ ಕಾರ್ಟ್ರಿಜ್ (ಔಷಧವನ್ನು ಘನ ಪುಡಿಯ ಮೇಲೆ ಹಿಡಿಯುವ ಕೊಳವೆ) ಬಳಸುವುದೋ ಬೇಗ ಆಗುತ್ತದೆ. ಈ ವಿಧಾನ ಇಷ್ಟು ಚೆನ್ನಾಗಿದ್ದೂ ಎಲ್ಲ ಲ್ಯಾಬಿಗೆ ಬರದಿರುವುದಕ್ಕೆ ಕಾರಣವೂ ಅದೇ ಎಂದು ನನ್ನ ಅಭಿಪ್ರಾಯ: ಒಂದೊಂದು ಎಳೆಯನ್ನೂ ಕೈಯಿಂದಲೇ ತಯಾರು ಮಾಡಬೇಕು. ಈ ತೊಂದರೆ ನೀಗಿಸಲು 96 ಗುಳಿಗಳ ತಟ್ಟೆಯಲ್ಲಿ ಚಪ್ಪಟೆ ಪೊರೆ ಕೂರಿಸುವ ವಿಧಾನವನ್ನೂ ಓಸ್ಲೋದವರು 2013ರಲ್ಲಿ ಪ್ರಕಟಿಸಿದ್ದಾರೆ. ಆದರೆ ನಿಮ್ಮದು ಬೆರಳೆಣಿಕೆಯ ಮಾದರಿ, ಯುವಿ ಡಿಟೆಕ್ಟರ್, ಕಡಿಮೆ ಪ್ಲಾಸ್ಮಾ, ಎಮಲ್ಶನ್ ಕಾಟ. ಇದಕ್ಕೆ ಎಳೆಯಷ್ಟು ಹೊಂದುವ ವಿಧಾನ ನನಗೆ ಕಾಣುವುದಿಲ್ಲ. ಖರ್ಚೂ ಕಡಿಮೆ.

ಷರತ್ತು ಏನೆಂದರೆ, ಮೊದಲ ವಾರ ಪ್ಲಾಸ್ಮಾ ಮುಟ್ಟಬೇಡಿ. ನೀರಿಗೆ ಅಮಿಟ್ರಿಪ್ಟಿಲಿನ್ ಹಾಕಿ 5, 15, 30, 45, 60 ನಿಮಿಷಕ್ಕೆ ಒಂದೊಂದು ಎಳೆ ತೆಗೆದು, ಎಷ್ಟು ದಾಟಿತು ಎಂದು ಒಂದು ನಕ್ಷೆ ಬರೆಯಿರಿ. ಗಾಜಿನ ವಯಲ್‌ನ ಗೋಡೆಗೂ ಈ ಜಿಡ್ಡು ಅಣು ಕ್ಷಾರದಲ್ಲಿ ಅಂಟುತ್ತದೆ, ಆದ್ದರಿಂದ ಕೊನೆಯಲ್ಲಿ ವಯಲ್ ಅನ್ನು ಮೆಥನಾಲ್‌ನಲ್ಲಿ ತೊಳೆದು ಅದನ್ನೂ ಅಳೆಯಿರಿ. ಆಮೇಲೆ ಒಳಗಿನ ಆಮ್ಲ ತೆಗೆದು ಬರೀ ನೀರು ತುಂಬಿ ಇನ್ನೊಂದು ಎಳೆ ಇಡಿ. ಔಷಧ ಒಳಗೆ ಆಮ್ಲ ಇದ್ದಾಗಿನಷ್ಟು ಗಟ್ಟಿಯಾಗುವುದೇ ಇಲ್ಲ. ಆ ಎರಡು ಕ್ರೊಮ್ಯಾಟೊಗ್ರಾಂಗಳನ್ನು ಅಕ್ಕಪಕ್ಕ ಇಟ್ಟು ನಿಮ್ಮ ಗೈಡ್‌ಗೆ ತೋರಿಸಿ. ನಿಮ್ಮ ಎರಡನೇ ಪ್ರಶ್ನೆಯ ಉತ್ತರ ನಿಮ್ಮ ಕೈಯಿಂದಲೇ ಬಂದಿರುತ್ತದೆ. ನಕ್ಷೆ ಯಾವ ನಿಮಿಷಕ್ಕೆ ಮಟ್ಟವಾಯಿತು ಎಂದು ಬರೆಯಿರಿ, ಪ್ಲಾಸ್ಮಾದ ಸಮಯವನ್ನು ಅಲ್ಲಿಂದ ಮುಂದಕ್ಕೆ ಲೆಕ್ಕ ಹಾಕೋಣ.